ಸಕ್ಕರೆ ತುಂಬಿದ ರಕ್ತ, ಹಸಿದ ಮೈ

ಮದ್ದಿಕೇರ: ನಮ್ಮೂರನ್ನು ಹೊರಗಿನವರು ಗುರುತಿಸುವುದು ವಿಜಯದಶಮಿಯ ಕುದುರೆ ಓಟದಿಂದ. ಊರೊಳಗಿನವರು ಎದುರಾದರೆ ಹಿಂದೆಲ್ಲ "ಮಳಿ ಆತೇನಪ್ಪಾ?" ಎನ್ನುತ್ತಿದ್ದರು. ಈಗ ಅದರ ಬೆನ್ನಿಗೇ "ಷುಗರ್ ಎಷ್ಟೈತೆ?" ಎಂಬ ಮಾತೂ ಬರುತ್ತದೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಆಡುವ ನಮಗೆ ಈ ಕಾಯಿಲೆಗೆ ಎರಡೂ ಭಾಷೆಯಲ್ಲಿ ಹೆಸರುಗಳಿವೆ. ಆದರೂ ಬಾಯಿಗೆ ಬರುವುದು ‘ಷುಗರ್’ ಒಂದೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ ಎಂಬ ಲೆಕ್ಕ ಹೊರಬಿತ್ತು. ಅದರಲ್ಲಿ ಇಬ್ಬರು ನಮ್ಮ ಮನೆಯವರೇ: ಒಬ್ಬರು ನಮ್ಮಪ್ಪ, ಇನ್ನೊಬ್ಬ ತಂಗಿಯ ಮಗ. ಇಬ್ಬರಿಗೂ ಇರುವುದು ಒಂದೇ ಕಾಯಿಲೆ ಎಂದು ನಾವು ತಿಳಿದಿದ್ದೆವು. ಹೆಸರು ಒಂದಾದರೂ ರೋಗ ಎರಡು ಎಂಬುದು ಗೊತ್ತಾದದ್ದು ಹುಡುಗ ಕೈತಪ್ಪುವ ಹೊತ್ತಿಗೆ. ಇನ್ನೊಬ್ಬರ ಮನೆಯಲ್ಲಿ ಹಾಗಾಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಬಿಸಿಲೆಂದು ತಿಳಿದೆವು

2019ರ ಮೇ ತಿಂಗಳು. ರಜೆಗೆಂದು ತಂಗಿಯ ಮಗ ನಮ್ಮ ಮನೆಗೆ ಬಂದಿದ್ದ. ಆಗ ಅವನಿಗೆ ಹನ್ನೊಂದು ವರ್ಷ. ಬಂದಾಗಿನಿಂದ ನೀರಿನ ಕೊಡದ ಹತ್ತಿರವೇ ಇರುತ್ತಿದ್ದ. ರಾತ್ರಿ ನಾಲ್ಕೈದು ಸಲ ಎದ್ದು ಬಚ್ಚಲಿಗೆ ಹೋಗುತ್ತಿದ್ದ. ಊಟವೇನೋ ಚೆನ್ನಾಗಿಯೇ ಮಾಡುತ್ತಿದ್ದ. ಆದರೂ ಮೂರು ವಾರದಲ್ಲಿ ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, "ಬಿಸಿಲು, ಅದಕ್ಕೇ ದಾಹ" ಎಂದು ಎಲ್ಲರೂ ಅಂದೆವು. ನಾನೇ ಅಂಗಡಿಯಿಂದ ಗ್ಲೂಕೋಸ್ ಪುಡಿ ತಂದು ನೀರಿಗೆ ಕಲಸಿ ಕುಡಿಸಿದೆ.

ಅವ್ವ ಒಂದು ಬೆಳಿಗ್ಗೆ ಹೇಳಿದಳು: "ಬಚ್ಚಲದಾಗ ಇರುವಿ ಮುಕರ್ಯಾವ ನೋಡಲೇ, ಹುಡುಗ ಉಚ್ಚಿ ಹೊಯ್ದ ಕಡೀಗೇ." ನಾನು ನಕ್ಕು ಸುಮ್ಮನಾದೆ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ಸಾವಿರಾರು ವರ್ಷಗಳ ಹಿಂದೆಯೇ ಗಮನಿಸಿದ್ದರಂತೆ. ‘ಮಧುಮೇಹ’ ಎಂಬ ಹೆಸರಿನಲ್ಲೇ ಆ ಸಿಹಿ ಇದೆ. ಓದು ಬಾರದ ಅವ್ವನಿಗೆ ಕಂಡದ್ದು ನಾಲ್ಕಕ್ಷರ ಕಲಿತ ನನಗೆ ಕಾಣಲಿಲ್ಲ.

ಎರಡು ದಿನಕ್ಕೆ ಹೊಟ್ಟೆನೋವು, ವಾಂತಿ ಶುರುವಾಯಿತು. ಊರಲ್ಲಿ ಸೂಜಿ ಹಾಕುವವರೊಬ್ಬರು ಬಿಸಿಲಿನ ಝಳವೆಂದು ಗ್ಲೂಕೋಸ್ ಬಾಟಲಿ ಏರಿಸಿದರು. ಸಂಜೆಯ ಹೊತ್ತಿಗೆ ಹುಡುಗ ಓಡಿ ಬಂದವನಂತೆ ಆಳವಾಗಿ ಉಸಿರೆಳೆಯತೊಡಗಿದ. ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ. ಕರೆದರೆ ಕಣ್ಣು ಬಿಡಲಿಲ್ಲ. ಜೀಪು ಮಾಡಿಕೊಂಡು ಗುಂತಕಲ್ಲಿಗೆ, ಅಲ್ಲಿಂದ ಬಳ್ಳಾರಿಗೆ ಓಡಿದೆವು. ಬೆರಳು ಚುಚ್ಚಿ ಹನಿ ರಕ್ತ ಹಚ್ಚಿದರೆ ಯಂತ್ರ ಅಂಕಿಯನ್ನೇ ಕೊಡಲಿಲ್ಲ, ಅಳತೆ ಮೀರಿದೆ ಎಂದಷ್ಟೇ ತೋರಿಸಿತು. ಸಲೈನ್ ಜೊತೆಗೆ ಇನ್ಸುಲಿನ್ ಹನಿಹನಿಯಾಗಿ ಹೋಗತೊಡಗಿದ ಮೇಲೆ, ಮಾರನೆಯ ದಿನ ಮಧ್ಯಾಹ್ನ "ಮಾವ" ಎಂದ. "ಬೆಳಗಿನ ತನಕ ಕಾದಿದ್ರೆ ಹುಡುಗ ಉಳೀತಿರಲಿಲ್ಲ ರೀ" ಎಂದರು ಡಾಕ್ಟರು.

ಗೇಟಿನ ಚೀಟಿ

ನನಗೆ ಹತ್ತದ ಪ್ರಶ್ನೆ ಒಂದೇ. ರಕ್ತದಲ್ಲಿ ಅಷ್ಟು ಸಕ್ಕರೆ ತುಂಬಿದ್ದರೆ ಹುಡುಗ ಸೊರಗಿದ್ದು ಯಾಕೆ? ಡಾಕ್ಟರು ಹೇಳಿದ್ದನ್ನು ನಾನು ನನ್ನ ಹತ್ತಿ ವ್ಯಾಪಾರದ ಭಾಷೆಗೆ ತಿರುಗಿಸಿಕೊಂಡದ್ದು ಹೀಗೆ.

ಆದೋನಿಗೆ ಸುಗ್ಗಿಯಲ್ಲಿ ಹತ್ತಿ ಬರುವುದನ್ನು ನೀವೆಲ್ಲ ನೋಡಿದ್ದೀರಿ. ರೊಟ್ಟಿ, ಅನ್ನ, ಮುದ್ದೆ, ವಗ್ಗಾಣಿ ಏನೇ ತಿನ್ನಿ, ಅದರ ಹಿಟ್ಟಿನಂಶ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ರಕ್ತವೇ ರಸ್ತೆ, ಸಕ್ಕರೆಯೇ ಹತ್ತಿ ಬಂಡಿ. ಮೈಯ ಕೋಟಿ ಕೋಟಿ ಜೀವಕೋಶಗಳು ಜಿನ್ನಿಂಗ್ ಮಿಲ್ಲುಗಳು. ಬಂಡಿ ಒಳಗೆ ಹೋದರೆ ತಾನೇ ಮಿಲ್ಲು ನಡೆಯುವುದು? ಸ್ನಾಯು ಮತ್ತು ಕೊಬ್ಬಿನ ಕೋಶಗಳ ಗೇಟು ಚೀಟಿ ತೋರಿಸದೆ ಸರಿಯಾಗಿ ತೆರೆಯುವುದಿಲ್ಲ. ಆ ಚೀಟಿಯೇ ಇನ್ಸುಲಿನ್.

ಚೀಟಿ ಬರೆಯುವ ಗುಮಾಸ್ತ ಕೂತಿರುವುದು ಜಠರದ ಹಿಂದಿನ ಮೇದೋಜೀರಕ ಗ್ರಂಥಿಯಲ್ಲಿ. ಗೇಣುದ್ದಕ್ಕಿಂತ ಚಿಕ್ಕದಾದ ಆ ಗ್ರಂಥಿಯೊಳಗೆ ಸುಮಾರು ಹತ್ತು ಲಕ್ಷ ಪುಟ್ಟ ದ್ವೀಪಗಳಿವೆ. 1869ರಲ್ಲಿ ಅವನ್ನು ಮೊದಲು ಗುರುತಿಸಿದವನು ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್. ಅಲ್ಲಿನ ಬೀಟಾ ಕೋಶಗಳು ರಕ್ತದ ಸಕ್ಕರೆ ಏರುತ್ತಲೇ ಇನ್ಸುಲಿನ್ ಬಿಡುತ್ತವೆ, ಇಳಿಯುತ್ತಲೇ ಕೈ ಬಿಗಿ ಹಿಡಿಯುತ್ತವೆ.

ಯಕೃತ್ತು ಗೋದಾಮು ಇದ್ದಂತೆ. ಇನ್ಸುಲಿನ್ ಇದ್ದಾಗ ಹೆಚ್ಚಿನ ಸಕ್ಕರೆಯನ್ನು ಅದು ಒಳಗಿಟ್ಟುಕೊಳ್ಳುತ್ತದೆ. ರಾತ್ರಿ ಹೊಟ್ಟೆ ಖಾಲಿ ಇರುವಾಗ ಇನ್ಸುಲಿನ್ ಇಳಿಯುತ್ತದೆ, ಗೋದಾಮು ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಡುತ್ತದೆ. ಮಿದುಳಿಗೆ ಮಾತ್ರ ಚೀಟಿ ಬೇಡ, ಅದು ನೇರವಾಗಿಯೇ ಸಕ್ಕರೆ ಎತ್ತಿಕೊಳ್ಳುತ್ತದೆ.

ಇದೆಲ್ಲ ಎಷ್ಟು ಸೂಕ್ಷ್ಮ ನೋಡಿ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಆರೋಗ್ಯವಂತನಲ್ಲಿ ಅಷ್ಟೂ ರಕ್ತಕ್ಕೆ ಸೇರಿ ಇರುವ ಸಕ್ಕರೆ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚ. ಆ ಒಂದು ಚಮಚದ ಲೆಕ್ಕವನ್ನು ಹಗಲೂ ರಾತ್ರಿ ಕಾಯುವುದೇ ಇನ್ಸುಲಿನ್ನಿನ ಕೆಲಸ. ಬರಿ ಹೊಟ್ಟೆಯಲ್ಲಿ 100 ಮಿಲಿಗ್ರಾಂ ಒಳಗಿದ್ದರೆ ಸರಿ, 126 ಅಥವಾ ಹೆಚ್ಚು ಎಂದು ಎರಡು ಸಲ ಬಂದರೆ ಮಧುಮೇಹ.

ಎರಡು ರೋಗ, ಒಂದು ಹೆಸರು

ತಂಗಿಯ ಮಗನ ಮೈಯಲ್ಲಿ ಆದದ್ದು ಗುಮಾಸ್ತನೇ ಇಲ್ಲವಾದದ್ದು. ರೋಗಾಣುಗಳ ಮೇಲೆ ಹೋರಾಡಬೇಕಾದ ಮೈಯ ಕಾವಲು ಪಡೆ ತಪ್ಪಿ ತನ್ನದೇ ಬೀಟಾ ಕೋಶಗಳನ್ನು ಕೊಂದಿತ್ತು. ಇದು ಟೈಪ್ 1. ಸಿಹಿ ತಿಂದದ್ದರಿಂದ ಬಂದದ್ದಲ್ಲ, ತಂದೆತಾಯಿಯ ತಪ್ಪೂ ಅಲ್ಲ. ಚೀಟಿ ಇಲ್ಲ, ಬಂಡಿಗಳು ರಸ್ತೆಯ ತುಂಬ ನಿಂತವು. ಉಕ್ಕಿದ ಸಕ್ಕರೆ ನೀರನ್ನೂ ಎಳೆದುಕೊಂಡು ಮೂತ್ರಪಿಂಡದ ಮೂಲಕ ಹೊರಗೆ ಹರಿಯಿತು. ಅದಕ್ಕೇ ಆ ದಾಹ, ಅದಕ್ಕೇ ಆ ಇರುವೆ. ಒಳಗೆ ಹತ್ತಿ ಕಾಣದ ಮಿಲ್ಲು ತನ್ನ ಬಾಗಿಲು ತೊಲೆಗಳನ್ನೇ ಒಡೆದು ಒಲೆಗೆ ಹಾಕಿದಂತೆ ಮೈ ತನ್ನ ಕೊಬ್ಬನ್ನು ಸುಟ್ಟಿತು. ಅದರ ಹೊಗೆಯೇ ಕೀಟೋನ್ ಎಂಬ ಆಮ್ಲ. ಬಾಯಿಯ ಹಣ್ಣಿನ ವಾಸನೆ ಅದರದೇ. ರಕ್ತ ಹುಳಿಯಾದರೆ ಜೀವಕ್ಕೇ ಕುತ್ತು.

ಅಪ್ಪನದು ಟೈಪ್ 2, ನಮ್ಮ ದೇಶದಲ್ಲಿ ಹೆಚ್ಚಿನವರಿಗೆ ಇರುವಂಥದ್ದು. ಇಲ್ಲಿ ಚೀಟಿ ಇದೆ, ಗೇಟಿನವನು ಲಕ್ಷ್ಯ ಕೊಡುವುದಿಲ್ಲ. ಒಂದಕ್ಕೆ ತೆರೆಯುತ್ತಿದ್ದ ಗೇಟಿಗೆ ಮೂರು ನಾಲ್ಕು ಚೀಟಿ ಬೇಕು. ಗುಮಾಸ್ತ ಬರೆದೂ ಬರೆದೂ ವರ್ಷಗಳ ಮೇಲೆ ಸೋಲುತ್ತಾನೆ. ಹೊಟ್ಟೆಯ ಬೊಜ್ಜು, ಕೂತೇ ಮಾಡುವ ಕೆಲಸ, ಮನೆತನದಲ್ಲಿ ಬಂದ ಗುಣ ಎಲ್ಲ ಸೇರಿ ಹೀಗಾಗುತ್ತದೆ. ನಡಿಗೆ, ತೂಕ ಇಳಿಸುವುದು, ಗುಳಿಗೆ ಇವು ಗೇಟಿನವನನ್ನು ಎಚ್ಚರಿಸುತ್ತವೆ, ಗೋದಾಮನ್ನು ಹದ್ದಿನಲ್ಲಿ ಇಡುತ್ತವೆ. ಗುಮಾಸ್ತನೇ ದಣಿದಾಗ ಮಾತ್ರ ಹೊರಗಿನಿಂದ ಇನ್ಸುಲಿನ್ ಬೇಕಾಗುತ್ತದೆ.

ಜೋಳದ ರೊಟ್ಟಿ, ನವಣೆ ಅನ್ನ ತಿಂದರೆ ಎಷ್ಟು ತಿಂದರೂ ಆದೀತು ಎಂಬ ಮಾತು ನಮ್ಮಲ್ಲಿದೆ. ಪಾಲಿಶ್ ಅಕ್ಕಿಗಿಂತ ಅವು ಮೇಲು, ನಿಜ. ಆದರೆ ಅವೂ ಹಿಟ್ಟೇ, ಅವೂ ಸಕ್ಕರೆಯಾಗುತ್ತವೆ. ಎರಡು ರೊಟ್ಟಿ ತಿನ್ನುವಲ್ಲಿ ಐದು ತಿಂದರೆ ಲೆಕ್ಕ ತಪ್ಪುತ್ತದೆ.

ಟೊರಾಂಟೊದಿಂದ ಬೆಂಗಳೂರಿಗೆ

ಇನ್ಸುಲಿನ್ ಇಲ್ಲದ ಕಾಲದಲ್ಲಿ ಈ ರೋಗ ಬಂದಿದ್ದರೆ ನಮ್ಮ ಹುಡುಗ ಬದುಕುತ್ತಿರಲಿಲ್ಲ. ಆಗ ಇಂಥ ಮಕ್ಕಳಿಗೆ ಇದ್ದ ಮದ್ದು ಉಪವಾಸವೊಂದೇ. ಸಾವು ಕೆಲವು ತಿಂಗಳು ಮುಂದೆ ಹೋಗುತ್ತಿತ್ತು, ಅಷ್ಟೆ. 1889ರಲ್ಲಿ ಮಿಂಕೋವ್ಸ್ಕಿ, ಫಾನ್ ಮೆರಿಂಗ್ ಎಂಬ ವೈದ್ಯರು ನಾಯಿಯ ಮೇದೋಜೀರಕ ಗ್ರಂಥಿ ತೆಗೆದಾಗ ಅದಕ್ಕೆ ಮಧುಮೇಹ ಬಂತು. ರೋಗದ ಬೇರು ಎಲ್ಲಿದೆ ಎಂದು ತಿಳಿಯಿತು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್, ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಆ ಗ್ರಂಥಿಯ ರಸ ತೆಗೆದರು. ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಕೊಟ್ಟ ಮೊದಲ ಸೂಜಿ ಅಷ್ಟಾಗಿ ಫಲಿಸಲಿಲ್ಲ. ಹನ್ನೆರಡು ದಿನದ ಮೇಲೆ ಕೊಟ್ಟ ಶುದ್ಧ ಮದ್ದು ಅವನನ್ನು ಉಳಿಸಿತು. ಮರುವರ್ಷ ಬ್ಯಾಂಟಿಂಗ್, ಮ್ಯಾಕ್ಲಿಯಾಡ್ ಇಬ್ಬರಿಗೂ ನೊಬೆಲ್ ಬಂತು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಪೇಟೆಂಟ್ ಹಕ್ಕನ್ನು ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟಿದ್ದರು. ವ್ಯಾಪಾರಿಗಳಾದ ನಾವು ನೆನಪಿಡಬೇಕಾದ ವ್ಯವಹಾರ ಅದು.

ಬಹುಕಾಲ ಇನ್ಸುಲಿನ್ ತೆಗೆಯುತ್ತಿದ್ದುದು ದನ, ಹಂದಿಗಳ ಗ್ರಂಥಿಯಿಂದ. 1982ರಿಂದ ಸೂಕ್ಷ್ಮಜೀವಿಗಳಲ್ಲಿ ಬೆಳೆಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ ಬಿಡುಗಡೆ ಮಾಡಿತು. 1969ರಲ್ಲಿ ಆಕ್ಸ್‌ಫರ್ಡಿನ ಡೊರೊತಿ ಹಾಡ್ಜ್‌ಕಿನ್ ಇನ್ಸುಲಿನ್ನಿನ ಆಕಾರ ಬಿಡಿಸಿದ ತಂಡದಲ್ಲಿದ್ದ ಎಂ. ವಿಜಯನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದರು.

ಗುಳಿಗೆ ಮಾಡಿ ನುಂಗಿಸಬಾರದೇ ಎಂದು ಅವ್ವ ಕೇಳಿದಳು. ಇನ್ಸುಲಿನ್ ಒಂದು ಪ್ರೋಟೀನು. ನುಂಗಿದರೆ ಬೇಳೆ ಅರಗಿದಂತೆ ಹೊಟ್ಟೆಯಲ್ಲೇ ಅರಗಿ ಹೋಗುತ್ತದೆ. ಅದಕ್ಕೇ ಸೂಜಿ.

ಎರಡು ಊರಿನ ಸೇರು

ಮುಂದಿನ ವರ್ಷ ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮದ್ದಿನ ಬಾಟಲಿ ಒಂದೂರಿನಲ್ಲಿ ಕೊಂಡೆ, ಸಿರಿಂಜು ಮುಗಿದಾಗ ಇನ್ನೊಂದೂರಿನಲ್ಲಿ ಕೊಂಡೆ. ಗಡಿಯವರಾದ ನಮಗೆ ಇದು ಮಾಮೂಲು. ಅಂಗಡಿಯವರು ಕೇಳಲಿಲ್ಲ, ನಾನೂ ನೋಡಲಿಲ್ಲ. ಒಂದು ವಾರ ಹುಡುಗನ ಸಕ್ಕರೆ ಇಳಿಯಲೇ ಇಲ್ಲ. ಕದ್ದು ಬೆಲ್ಲ ತಿನ್ನುತ್ತಾನೆಂದು ಬೈದೆ. "ಇಲ್ಲ ಮಾವ, ದೇವ್ರಾಣಿ" ಎಂದು ಅತ್ತ. ನಾನು ನಂಬಲಿಲ್ಲ.

ಡಾಕ್ಟರು ಸಿರಿಂಜು ತೋರಿಸಿ ಎಂದರು. ನೋಡಿ ತಲೆ ಅಲ್ಲಾಡಿಸಿದರು. ನಮ್ಮ ಬಾಟಲಿ ಯು-40, ಅಂದರೆ ಒಂದು ಮಿಲಿಲೀಟರಿಗೆ 40 ಯೂನಿಟ್. ಸಿರಿಂಜು ಯು-100ರದು. ಅದರಲ್ಲಿ 10ರ ಗೆರೆಗೆ ಎಳೆದರೆ ಮೈಗೆ ಹೋಗುವುದು ನಾಲ್ಕೇ ಯೂನಿಟ್. ಒಂದೂರಿನ ಸೇರಿನಲ್ಲಿ ಕೊಂಡು ಇನ್ನೊಂದೂರಿನ ಸೇರಿನಲ್ಲಿ ಅಳೆದ ಹಾಗೆ. ಇದೇ ತಿರುಗಾಮುರುಗಾ ಆಗಿ ಯು-100 ಮದ್ದನ್ನು ಯು-40 ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಹೋಗಿ ಜೀವಕ್ಕೇ ಅಪಾಯ. ಯು-40 ಸಿರಿಂಜಿನ ಸೂಜಿ ಮುಚ್ಚಳ ಕೆಂಪು, ಯು-100ರದು ಕಿತ್ತಳೆ ಬಣ್ಣ. ಬಣ್ಣ ನೋಡಿ ಸುಮ್ಮನಾಗದೆ ಬಾಟಲಿ, ಸಿರಿಂಜು ಎರಡರ ಮೇಲಿನ ಅಂಕಿಯೂ ಒಂದೇ ಇದೆಯೇ ಎಂದು ಓದಿ. ಅವತ್ತು ಆ ಹುಡುಗನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮಡಕೆ ಮತ್ತು ಬೆಲ್ಲ

ತೆರೆಯದ ಬಾಟಲಿ ಫ್ರಿಜ್ಜಿನ 2ರಿಂದ 8 ಡಿಗ್ರಿಯಲ್ಲಿರಬೇಕು. ಬರ್ಫದ ಖಾನೆಯಲ್ಲಿ ಬೇಡ, ಹೆಪ್ಪುಗಟ್ಟಿದರೆ ಕೆಟ್ಟಿತು. ಬಳಕೆಯಲ್ಲಿರುವ ಬಾಟಲಿ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ತಾಳುತ್ತದೆ. ನಮ್ಮ 40 ಡಿಗ್ರಿ ಬಿಸಿಲಿನಲ್ಲಿ, ಕರೆಂಟು ಹೋಗುವ ಮನೆಯಲ್ಲಿ? ದೊಡ್ಡ ಮಡಕೆಯೊಳಗೆ ಒದ್ದೆ ಮರಳು ಹಾಕಿ, ಅದರಲ್ಲಿ ಸಣ್ಣ ಮಡಕೆ ಇಟ್ಟು, ಅದರೊಳಗೆ ಮುಚ್ಚಳದ ಡಬ್ಬಿಯಲ್ಲಿ ಬಾಟಲಿ ಇಡುತ್ತೇವೆ. ಅವ್ವ ದಿನಾ ಮರಳಿಗೆ ನೀರು ಹಾಕುತ್ತಾಳೆ.

ಸೂಜಿ ಹಾಕಿಕೊಂಡು ಊಟ ತಡವಾದರೆ ಸಕ್ಕರೆ ತೀರಾ ಇಳಿಯುತ್ತದೆ. ಬೆವರು, ನಡುಕ, ಕಣ್ಣು ಕತ್ತಲೆ, ಮಾತು ತಡವರಿಕೆ ಬಂದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ಹೊಲಕ್ಕೆ ಹೋಗುವವರ ಜೇಬಿನಲ್ಲಿ ಬೆಲ್ಲದ ಚೂರು ಇರಲಿ.

ಅಪ್ಪ ಎರಡು ವರ್ಷ ಇನ್ಸುಲಿನ್ ಬೇಡವೆಂದರು. "ಒಂದ್ಸಲ ಚುಚ್ಚಿಸ್ಕಂಡ್ರೆ ಚಟ ಆಗ್ತೈತೆ" ಎಂಬ ಮಾತು ಅವರದು. ಸೂಜಿಯಲ್ಲಿರುವುದು ಮೈಯೇ ಮೊದಲು ಮಾಡುತ್ತಿದ್ದ ಮದ್ದು, ಅದು ಚಟವಲ್ಲ. ಬರಿಗಾಲಲ್ಲಿ ಶೇಂಗಾ ಹೊಲದಲ್ಲಿ ನಡೆದಾಗ ಜಾಲಿ ಮುಳ್ಳು ಚುಚ್ಚಿತು. ಸಕ್ಕರೆಯಿಂದ ನರ ಸತ್ತ ಕಾಲಿಗೆ ನೋವೇ ಗೊತ್ತಾಗಲಿಲ್ಲ. ಒಂದು ಬೆರಳು ಹೋಯಿತು. ನರದಂತೆಯೇ ಕಣ್ಣು, ಮೂತ್ರಪಿಂಡ, ಹೃದಯವನ್ನೂ ಈ ಸಕ್ಕರೆ ಸದ್ದಿಲ್ಲದೆ ತಿನ್ನುತ್ತದೆ.

ತಂಗಿಯ ಮಗ ಈಗ ಆದೋನಿಯಲ್ಲಿ ಕಾಲೇಜು ಓದುತ್ತಾನೆ, ವಾಲಿಬಾಲ್ ಆಡುತ್ತಾನೆ. ರಜೆಗೆ ಬಂದಾಗ ತಾತನ ಸಿರಿಂಜು, ಬಾಟಲಿ ಎರಡನ್ನೂ ಬೆಳಕಿಗೆ ಹಿಡಿದು ಅಂಕಿ ಓದುತ್ತಾನೆ. ಆಮೇಲೆ ನನ್ನ ಕೈಗೆ ಕೊಟ್ಟು "ನೀನೂ ಓದು ಮಾವ" ಎನ್ನುತ್ತಾನೆ. ನಾನು ಓದುತ್ತೇನೆ. ನಿಮ್ಮ ಮನೆಯಲ್ಲಿ ಮಗು ನೀರು ನೀರು ಎಂದು ಸೊರಗುತ್ತಿದ್ದರೆ ಬಿಸಿಲನ್ನು ಬೈಯುತ್ತ ಕೂಡಬೇಡಿ. ಅವತ್ತೇ ಬೆರಳ ಒಂದು ಹನಿ ರಕ್ತ ಪರೀಕ್ಷೆ ಮಾಡಿಸಿ.