ಸೇನಾ ಶಿಬಿರದಿಂದ ಸಂಸತ್ತಿಗೆ: ಜಾನಕಿ ಆದಿ ನಾಗಪ್ಪನ್



1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಕಿತ್ತೂರು ರಾಣಿ ಚೆನ್ನಮ್ಮನ ಹೆಸರು ಕೇಳದ ಕನ್ನಡಿಗರಿಲ್ಲ. ಆದರೆ ನಾವು ವಾಸಿಸುವ ಈ ಮಲೇಷ್ಯಾದಲ್ಲಿಯೇ ಹುಟ್ಟಿ, ಬಂದೂಕು ಹಿಡಿದು, ಮುಂದೆ ಸಂಸತ್ ಸದಸ್ಯೆಯಾದ ಮಹಿಳೆಯೊಬ್ಬರ ಬಗ್ಗೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರೇ ಜಾನಕಿ ಆದಿ ನಾಗಪ್ಪನ್.

1925ರಲ್ಲಿ ಕೌಲಾಲಂಪುರದ ಅನುಕೂಲಸ್ಥ ತಮಿಳು ಕುಟುಂಬವೊಂದರಲ್ಲಿ ಜಾನಕಿ ಜನಿಸಿದರು. 1943ರಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸ್ ಮಲಯಕ್ಕೆ ಬಂದು, ಭಾರತದ ಸ್ವಾತಂತ್ರ್ಯಕ್ಕಾಗಿ ಕೈಲಾದುದನ್ನು ಕೊಡಿ ಎಂದು ಕರೆಕೊಟ್ಟರು. ಆ ಮಾತು ಕೇಳಿದ ಜಾನಕಿ ತಮ್ಮ ಚಿನ್ನದ ಓಲೆಗಳನ್ನು ಬಿಚ್ಚಿಕೊಟ್ಟರು. ಅಷ್ಟಕ್ಕೇ ತೃಪ್ತರಾಗದೆ ಸೇನೆಗೇ ಸೇರಲು ನಿರ್ಧರಿಸಿದರು. ತಂದೆ ಒಪ್ಪಲಿಲ್ಲ. ಬಹಳ ಮನವೊಲಿಸಿದ ಮೇಲೆ ಅನುಮತಿ ದೊರೆಯಿತು.

ಅವರು ಸೇರಿದ್ದು ಆಜಾದ್ ಹಿಂದ್ ಫೌಜಿನ ಮಹಿಳಾ ದಳವಾದ ಝಾನ್ಸಿ ರಾಣಿ ರೆಜಿಮೆಂಟಿಗೆ. ಇದರ ತರಬೇತಿ ಶಿಬಿರ 1943ರ ಅಕ್ಟೋಬರಿನಲ್ಲಿ ಸಿಂಗಪುರದಲ್ಲಿ ಆರಂಭವಾಯಿತು. ದಳದ ನಾಯಕಿ ಕ್ಯಾಪ್ಟನ್ ಲಕ್ಷ್ಮೀ. ಅನೇಕ ಸದಸ್ಯೆಯರು ರಬ್ಬರ್ ತೋಟದ ಕಾರ್ಮಿಕರ ಮಕ್ಕಳು, ಭಾರತವನ್ನು ಕಣ್ಣಾರೆ ಕಾಣದವರು. ಸುಖದಲ್ಲಿ ಬೆಳೆದ ಜಾನಕಿಗೆ ಶಿಬಿರದ ಜೀವನ ಮೊದಮೊದಲು ಕಷ್ಟವೆನಿಸಿದರೂ, ಅವರು ದಳದ ಉಪನಾಯಕಿಯ ಸ್ಥಾನಕ್ಕೇರಿ ಬರ್ಮಾಕ್ಕೆ ಹೋದರು. 1945ರಲ್ಲಿ ಸೋಲು ಖಚಿತವಾದಾಗ ರಂಗೂನಿನಿಂದ ಬ್ಯಾಂಕಾಕಿನತ್ತ ನಡೆದ ಕಠಿಣ ಹಿಮ್ಮೆಟ್ಟುವಿಕೆಯಲ್ಲಿ ಅವರೂ ಇದ್ದರು.

ಯುದ್ಧ ಮುಗಿದಾಗ ಎದುರಿಗಿದ್ದ ಪ್ರಶ್ನೆ ಬೇರೆಯದು. ಭಾರತ ಸ್ವತಂತ್ರವಾಗಲಿದೆ, ಆದರೆ ಮಲಯದಲ್ಲಿಯೇ ನೆಲೆಸಿರುವ ಭಾರತೀಯರ ಗತಿಯೇನು? ಅವರ ಪರವಾಗಿ ಮಾತನಾಡುವವರು ಯಾರು? ಭಾರತೀಯ ಕಾಂಗ್ರೆಸ್ ಕಳುಹಿಸಿದ ವೈದ್ಯಕೀಯ ತಂಡದೊಂದಿಗೆ ಜಾನಕಿ ಸೇವೆ ಸಲ್ಲಿಸಿದರು. 1946ರಲ್ಲಿ ಜಾನ್ ತಿವಿಯವರು ಮಲಯನ್ ಇಂಡಿಯನ್ ಕಾಂಗ್ರೆಸ್ ಪಕ್ಷವನ್ನು ಕಟ್ಟಿದಾಗ ಅವರಿಗೆ ನೆರವಾದರು. ಮುಂದೆ ಈ ಪಕ್ಷವು ಮಲಯ ಮತ್ತು ಚೀನೀ ಪಕ್ಷಗಳ ಮೈತ್ರಿಕೂಟಕ್ಕೆ ಸೇರಿತು. 1955ರ ಚುನಾವಣೆಯಲ್ಲಿ ಈ ಕೂಟ 52ರಲ್ಲಿ 51 ಸ್ಥಾನ ಗೆದ್ದಿತು. 1957ರ ಆಗಸ್ಟ್ 31ರಂದು ಮಲಯ ಸ್ವತಂತ್ರವಾಯಿತು.

ಜಾನಕಿಯವರು ಸಂಸತ್ತಿನ ಮೇಲ್ಮನೆಯಾದ ದೇವಾನ್ ನೆಗಾರದ ಸದಸ್ಯೆಯೂ ಆದರು. ಇದು ನಮ್ಮ ರಾಜ್ಯಸಭೆಯಂತಹ ಸದನ. ಇದರ 70 ಸದಸ್ಯರಲ್ಲಿ 26 ಮಂದಿಯನ್ನು ರಾಜ್ಯಗಳ ಶಾಸನಸಭೆಗಳು ಆರಿಸುತ್ತವೆ, 44 ಮಂದಿಯನ್ನು ದೊರೆ ನೇಮಿಸುತ್ತಾರೆ. ಅವಧಿ 3 ವರ್ಷ. ಒಬ್ಬರು ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲ. ಸಂಖ್ಯೆಯಲ್ಲಿ ಚಿಕ್ಕದಾದ ಸಮುದಾಯಗಳ ದನಿಗೂ ಇಂತಹ ಸದನದಲ್ಲಿ ಅವಕಾಶವಿರುತ್ತದೆ.

2000ದಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. 2014ರ ಮೇ 9ರಂದು ಅವರು ನಿಧನರಾದರು.

ಪೂರ್ವಜರ ನಾಡಿಗಾಗಿ ಹೋರಾಡಿದವರು ಹುಟ್ಟಿದ ನಾಡಿಗಾಗಿಯೂ ದುಡಿದರು. ಒಂದನ್ನು ಪ್ರೀತಿಸಲು ಇನ್ನೊಂದನ್ನು ಮರೆಯಬೇಕಿಲ್ಲ ಎಂಬುದನ್ನು ಪರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಅವರ ಬದುಕಿನಿಂದ ಕಲಿಯಬಹುದು.