ಹೂವುದುರಿದ ಮೇಲೆ ಸೀತಾಳೆ

ಮುಂಗಾರಿನ ಮೊದಲ ಮಳೆಗಳು ಬಿದ್ದ ದಿನಗಳಲ್ಲಿ ಕಡಬ, ಸುಬ್ರಹ್ಮಣ್ಯಗಳ ಕಡೆಗೆ ಹೋದವರು, ಹಲಸು ಮಾವುಗಳ ಕೊಂಬೆಯಿಂದ ಇಳಿಬಿದ್ದ ಸೀತಾಳೆದಂಡೆಯನ್ನು ಕಂಡರೆ ನಿಂತು ನೋಡದೆ ಮುಂದೆ ಹೋಗಲಾರರು. ಬಿಳಿಯ ಎಸಳು, ಅದರ ಮೇಲೆ ನೇರಳೆಯ ಚುಕ್ಕೆ. ಪುಟ್ಟ ಹೂಗಳು ಒತ್ತಾಗಿ ಸೇರಿ ನರಿಯ ಬಾಲದಂತೆ ತೂಗುವ ಗೊಂಚಲು. ಮುಡಿಗೆಂದೇ ಹೇಳಿ ಮಾಡಿಸಿದಂತಿದೆ. ದೂರದ ಅಸ್ಸಾಮಿನಲ್ಲಿಯೂ ಬಿಹು ಕುಣಿತದ ಹೆಣ್ಣುಮಕ್ಕಳು ಮುಡಿಯುವುದು ಇದನ್ನೇ. ಅಲ್ಲಿನ ರಾಜ್ಯಪುಷ್ಪವೂ ಇದೇ.

ಎರಡು ಮೂರು ವಾರಗಳಲ್ಲಿ ಈ ಸಂಭ್ರಮ ಮುಗಿಯುತ್ತದೆ. ಹೂವಿನ ಆಸೆಗೆ ಕಾಡಿನಿಂದ ಪಟ್ಟಣಕ್ಕೆ ಬಂದ ಗಿಡ ಆಮೇಲೆ ಕಸದ ತೊಟ್ಟಿಯನ್ನು ಸೇರುವುದೂ ಉಂಟು. ಇದು ಸಣ್ಣ ನಷ್ಟವಲ್ಲ. ಸೀತಾಳೆಯ ಬೀಜ ಧೂಳಿನಷ್ಟು ಸಣ್ಣದು. ಮೊಳಕೆಗೆ ಬೇಕಾದ ಬುತ್ತಿಯೇ ಅದರಲ್ಲಿಲ್ಲ. ತಕ್ಕ ಶಿಲೀಂಧ್ರವೊಂದು ಉಣಿಸಿದರೆ ಮಾತ್ರ ಅದು ಕಾಡಿನಲ್ಲಿ ಮೊಳೆತೀತು. ಆರ್ಕಿಡ್ ಕುಲದ ಈ ಗುಟ್ಟನ್ನು 1899ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ನೋಯೆಲ್ ಬರ್ನಾರ್. ಹಾಗೆ ಮೊಳೆತ ಸಸಿ ಹೂಬಿಡಲು ವರ್ಷಗಳೇ ಬೇಕು. ಕಾಡಿನ ಗಿಡವನ್ನು ಕೀಳದಿರುವುದೇ ಲೇಸು; ಆಸೆಯುಳ್ಳವರು ನರ್ಸರಿಯಲ್ಲಿ ಬೆಳೆಸಿದ್ದನ್ನು ಕೊಳ್ಳಲಿ.

ಮನೆಯಲ್ಲಿ ಈಗಾಗಲೇ ಇದ್ದರೆ, ಒಣಗಿದ ಗೊಂಚಲನ್ನು ಬುಡದ ಬಳಿ ಕತ್ತರಿಸಬೇಕು. ಅಂಗಡಿಗಳಲ್ಲಿ ಸಿಗುವ ಫಲೆನಾಪ್ಸಿಸ್ ಹಳೆಯ ದಂಟಿನ ಗಿಣ್ಣಿನಿಂದ ಮತ್ತೆ ಹೂಬಿಡುವುದುಂಟು. ಸೀತಾಳೆಗೆ ಆ ಅಭ್ಯಾಸವಿಲ್ಲ. ಕತ್ತರಿಯನ್ನು ಮೊದಲು ಬೆಂಕಿಗೆ ಹಿಡಿದು ಆರಿಸಿಕೊಳ್ಳಿ. ಒಂದು ಗಿಡದ ರೋಗ ಇನ್ನೊಂದಕ್ಕೆ ಅಂಟಬಾರದಷ್ಟೆ.

ಗುಲಾಬಿಯಂತೆ ಇದನ್ನೂ ಮಣ್ಣಿನ ಕುಂಡದಲ್ಲಿ ಹೂಳುವ ಉತ್ಸಾಹಿಗಳಿದ್ದಾರೆ. ಗಿಡ ಕೊಳೆಯಲು ಅದಕ್ಕಿಂತ ಸುಲಭದ ದಾರಿ ಬೇರಿಲ್ಲ! ಇದರ ಬೇರಿಗೆ ಗಾಳಿ ಬೇಕು. ಬೇರಿನ ಸುತ್ತಲೂ ಸ್ಪಂಜಿನಂಥ ಹೊದಿಕೆಯಿದೆ; ನೀರುಂಡಾಗ ಅದು ಹಸುರಾಗುತ್ತದೆ, ಒಣಗಿದಾಗ ಬೂದುಬಿಳುಪಾಗುತ್ತದೆ. ನೀರೆರೆಯುವ ಹೊತ್ತನ್ನು ಗಡಿಯಾರಕ್ಕಿಂತ ಈ ಬಣ್ಣವನ್ನು ನೋಡಿ ತಿಳಿಯುವುದು ಮೇಲು. ಗಿಡವನ್ನು ಮರದ ತುಂಡಿಗೆ ತುಸು ಓರೆಯಾಗಿ ಕಟ್ಟಿದರೆ ಸುಳಿಯಲ್ಲಿ ನೀರು ನಿಲ್ಲದು. ಒಮ್ಮೆ ಬೇರು ಕಚ್ಚಿಕೊಂಡ ಮೇಲೆ ಕಿತ್ತು ಜಾಗ ಬದಲಿಸಬೇಡಿ.

ಕಡಬದ ಆಟಿ ತಿಂಗಳ ಮಳೆಯಲ್ಲಿ ನಾವು ನೀರೆರೆಯುವ ಮಾತೇ ಇಲ್ಲ. ಅಲ್ಲಿ ಬೇರೆ ಚಿಂತೆ: ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಎಂದರೆ ತಾಮ್ರ, ಇರುತ್ತದೆ. ಆರ್ಕಿಡ್‌ಗಳಿಗೆ ಅದು ಒಗ್ಗದಿರಬಹುದು. ತೋಟದ ಸಾಲಿನಿಂದ ಆಚೆಯ ಮರವೇ ಕ್ಷೇಮ. ಬೆಂಗಳೂರಿನ ಒಣಗಾಳಿಯಲ್ಲಾದರೋ ಬೆಳಗ್ಗೆ ಬೇರು ನೆನೆಯುವಂತೆ ನೀರು ಬೇಕು. ಹೊಸ ಎಲೆ ಬರುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೀರ ತೆಳುವಾಗಿ ಕಲಸಿದ ಗೊಬ್ಬರವೂ ಇರಲಿ. ಬೆಳಗಿನ ಬಿಸಿಲು ಹಿತ, ನಡುಹಗಲಿನದು ಬೇಡ.

ಚಳಿ ಬಂದಾಗ ಗೊಬ್ಬರ ನಿಲ್ಲಿಸಿ, ನೀರನ್ನು ತಗ್ಗಿಸಿ. ಗಿಡ ಸುಮ್ಮನೆ ಕುಳಿತಂತೆ ಕಾಣುತ್ತದೆ, ಗಾಬರಿಪಡಬೇಕಾದುದಿಲ್ಲ. ಬೇಸಗೆ ಕಾಲಿಡುವಾಗ ಎಲೆಗಳ ಕಂಕುಳಲ್ಲಿ ಕಣ್ಣಿಡಿ. ಅಲ್ಲಿ ಇಣುಕುವ ಹಸುರು ತುದಿ ಮೊಂಡಾಗಿದ್ದರೆ ಬೇರು, ಚೂಪಾಗಿದ್ದರೆ ಹೂದಂಟು.