ಏಳು ಮನೆಯವರ ಒಂದು ಒಲೆ

ಸಂಯುಕ್ತ ಸರ್ಕಾರಗಳ ಮಾತೆದ್ದಾಗಲೆಲ್ಲ ನನಗೆ 1967ರ ಕೇರಳ ನೆನಪಾಗುತ್ತದೆ. ಅಂದು ಏಳು ಪಕ್ಷಗಳು ಕೂಡಿ ಚುನಾವಣೆಗೆ ನಿಂತು, 133 ಸ್ಥಾನಗಳ ಶಾಸನಸಭೆಯಲ್ಲಿ ಕಾಂಗ್ರೆಸ್ಸನ್ನು 9ಕ್ಕೆ ಇಳಿಸಿದುವು. ಇ. ಎಂ. ಎಸ್. ನಂಬೂದಿರಿಪಾಡರ ಮಂತ್ರಿಮಂಡಲದಲ್ಲಿ, 1964ರಲ್ಲಷ್ಟೆ ಬೇರೆಯಾಗಿದ್ದ ಎರಡು ಕಮ್ಯುನಿಸ್ಟ್ ಪಕ್ಷಗಳವರೂ ಸಮಾಜವಾದಿಗಳೂ ಮುಸ್ಲಿಂ ಲೀಗಿನವರೂ ಒಂದೇ ಒಲೆಯ ಮುಂದೆ ಕುಳಿತರು. ಅವರನ್ನು ಬಿಗಿದ ಹಗ್ಗವೆಂದರೆ ಸಮಾನ ಎದುರಾಳಿ. ಅವನು ನೆಲಕಚ್ಚಿದೊಡನೆ ಹಗ್ಗ ಸಡಿಲಿತು. ಪರಸ್ಪರ ದೂರುಗಳು ಬೆಳೆದು, 1969ರ ಅಕ್ಟೋಬರಿನಲ್ಲಿ ಸರ್ಕಾರ ಬಿದ್ದಿತು.

ಆದರೂ ನಾನು ಅದನ್ನು ಹಳಿಯಲಾರೆ. ಬೀಳುವ ಮುನ್ನ, ಅದೇ ತಿಂಗಳು, ಶಾಸನಸಭೆ ಒಪ್ಪಿದ ಭೂಸುಧಾರಣೆಯ ತಿದ್ದುಪಡಿ, ಮುಂದೆ ಬಂದ ಸಿ. ಅಚ್ಯುತ ಮೆನನ್ನರ ಕಾಲದಲ್ಲಿ, 1970ರ ಜನವರಿ 1ರಂದು ಜಾರಿಗೊಂಡು, ಗೇಣಿದಾರನು ಹೊಲದೊಡೆಯನಾಗುವ ದಾರಿಯನ್ನು ತೆರೆಯಿತು. ಒಲೆ ಒಡೆಯಿತು, ನಿಜ. ಅನ್ನ ಮಾತ್ರ ಬೆಂದಿತ್ತು.